ಒಂದು ಬೇಡ ಬೇಕಾಗಿದೆ

ಮಧ್ಯಾಹ್ನ ಎರಡೂಕಾಲಿಗೆ ಸರಿಯಾಗಿ ಕಂಪ್ಯೂಟರು ಕೈ ಎತ್ತಿಬಿಟ್ಟಿತು. ಪರದೆಯ ನಡುವೆ ಒಂದು ಚೌಕ ಮೂಡಿಸಿ, ಡಿಸ್ಕಿನಲ್ಲಿ ಜಾಗವಿಲ್ಲ, ಮೊದಲು ಏನನ್ನಾದರೂ ಅಳಿಸಿ, ಆಮೇಲೆ ಮಾತು ಎಂಬರ್ಥದ ಎರಡು ಸಾಲು ತೋರಿಸಿ ಗಪ್‌ಚಿಪ್ಪಾಗಿ ಕೂತುಕೊಂಡಿತು. ಸದ್ದಪ್ಪನವರು ಮೌಸನ್ನು ಮೇಜಿಗೆ ಕುಟ್ಟಿದರು. ಕೀಬೋರ್ಡನ್ನು ತಲೆಕೆಳಗು ಮಾಡಿ ಕೊಡವಿದರು. ಅದರಿಂದ ಒಂದಷ್ಟು ಬಿಸ್ಕತ್ತಿನ ಪುಡಿ ಉದುರಿತೇ ಹೊರತು ಜಾಗವೇನೂ ಆಗಲಿಲ್ಲ.

"ಟೀಚರ್ರೇ" ಎಂದು ಅವರು ಅಡುಗೆಮನೆಯ ಕಡೆಗೆ ತಿರುಗಿ ಕೂಗಿದರು. "ನಿನ್ನ ಕಂಪ್ಯೂಟರ್ ಮುಷ್ಕರ ಹೂಡಿದೆ ನೋಡು."

ನಿನ್ನ ಕಂಪ್ಯೂಟರ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಟೀಚರ್ ಕೈಯಲ್ಲಿದ್ದ ಸೌಟಿನ ಸಮೇತ ಬಾಗಿಲಿಗೆ ಬಂದು ನಿಂತರು. "ಕೆಟ್ಟಾಗ ನನ್ನದು, ಸರಿಯಿದ್ದಾಗ ನಿಮ್ಮದು, ಅಲ್ವಾ?"

ಈ ಇಬ್ಬರೂ ಯಾರೆಂದು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ರೇಡಿಯೋ ನಾಟಕದಲ್ಲಿ ಬಾಗಿಲು ಕಿರ್ ಎನ್ನುತ್ತದಲ್ಲ, ಕುದುರೆ ಓಡಿಬರುತ್ತದಲ್ಲ, ಸುರಿಯುವ ಮಳೆಯಲ್ಲಿ ನಾಯಕಿ ಬಿಕ್ಕುತ್ತಾಳಲ್ಲ, ಆ ಬಿಕ್ಕು ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸದ್ದಪ್ಪನವರ ಕೈಚಳಕ. ಮೂವತ್ತೊಂದು ವರ್ಷ ಅದನ್ನೇ ಮಾಡಿಕೊಂಡು ಬಂದದ್ದರಿಂದ ಬೀದಿಯವರು ಇಟ್ಟ ಹೆಸರು ಸದ್ದಪ್ಪ. ಮಳೆ ಎಂದರೆ ಅವರಿಗೆ ಕಾದ ಬಾಣಲೆಗೆ ಬಿದ್ದ ಈರುಳ್ಳಿ. ಕುದುರೆ ಎಂದರೆ ಎರಡು ತೆಂಗಿನ ಚಿಪ್ಪು. ಬೆಂಕಿ ಎಂದರೆ ಬಿಸ್ಕತ್ತಿನ ಕವರನ್ನು ಮೈಕಿನ ಮುಂದೆ ಮೆಲ್ಲಗೆ ಕಿವುಚುವುದು. ಹೀಗಾಗಿ ಆ ಮನೆಯಲ್ಲಿ ಈರುಳ್ಳಿ ತಂದ ದಿನವೇ ಮುಗಿಯುತ್ತಿತ್ತು, ಬಿಸ್ಕತ್ತು ಯಾವತ್ತೂ ಗರಿಗರಿಯಾಗಿ ಇರುತ್ತಿರಲಿಲ್ಲ.

ಟೀಚರ್ ಅವರ ಹೆಂಡತಿ. ಇಪ್ಪತ್ತೊಂಬತ್ತು ವರ್ಷ ಗಣಿತ ಕಲಿಸಿದವರು. ಬೀದಿಯವರು ಟೀಚರ್ ಎಂದು ಕರೆದರೆ ಅದು ಗೌರವ, ಗಂಡ ಕರೆದರೆ ಅದು ಚೇಷ್ಟೆ. ಕೋಪ ಸದಾ ಮೂಗಿನ ತುದಿಯಲ್ಲಿ. ಆ ಕಂಪ್ಯೂಟರನ್ನು ಕೊಂಡವರು ಅವರೇ, ಪ್ರಶ್ನೆಪತ್ರಿಕೆ ಟೈಪು ಮಾಡಲೆಂದು. "ಒಂದೇ ಒಂದು ಬಾಗಿಲಿನ ಸದ್ದು ಇಟ್ಕೊಳ್ಲಾ?" ಎಂದು ಹನ್ನೆರಡು ವರ್ಷದ ಹಿಂದೆ ಗಂಡ ಹಲ್ಲು ಕಿರಿದು ಕೇಳಿದಾಗ, ಹೋಗಲಿ ಪಾಪ ಎಂದು ಒಪ್ಪಿದ್ದೇ ತಪ್ಪಾಯಿತು. ಒಂದು ಬಾಗಿಲು ಸಾವಿರ ಬಾಗಿಲಾಯಿತು. ಈಗ ಅದರೊಳಗೆ ಎಳ್ಳು ಹಾಕಿದರೂ ಕೆಳಗೆ ಬೀಳುತ್ತಿರಲಿಲ್ಲ.

ಕಂಪ್ಯೂಟರಿನ ಕಥೆಯೇ ಕೋಣೆಯದೂ. ಗೋಡೆಯೇ ಇಲ್ಲದ ಮೂರು ಬಾಗಿಲು ಅಲ್ಲಿ ಚೌಕಟ್ಟಿನ ಸಮೇತ ನಿಂತಿದ್ದವು. ಜೊತೆಯಿಲ್ಲದ ಹನ್ನೊಂದು ಚಪ್ಪಲಿ, ಸೀನುವವರಿಗೆ ಬೇರೆ ಅಳುವವರಿಗೆ ಬೇರೆ ಕರವಸ್ತ್ರ, ತೂತು ಬಿದ್ದ ಬಕೆಟ್ಟು, ಗೋಡೆಗೆ ಒರಗಿಸಿದ ಹಳೇ ಹಾಸಿಗೆ. "ಈ ಕೋಣೆ ನನಗೆ ಬೇಕು, ನಿಮ್ಮ ಗದ್ದಲಾನೆಲ್ಲ ಎಲ್ಲಾದ್ರೂ ಆಚೆ ಸಾಗಿಸಿ" ಎಂದು ಟೀಚರ್ ದಿನಕ್ಕೊಂದು ಸಲವಾದರೂ ಹೇಳುತ್ತಿದ್ದರು. "ಆಯ್ತು" ಎಂದು ಸದ್ದಪ್ಪನವರು ದಿನಕ್ಕೊಂದು ಸಲ ಒಪ್ಪಿ, ಹೆಜ್ಜೆಯ ಸದ್ದು ಮಾಡಲು ಮತ್ತೆ ಚಪ್ಪಲಿ ಕೈಗೆ ತೊಡುತ್ತಿದ್ದರು.

ಆದರೆ ಇವತ್ತಿನ ದಿನ ಬೇರೆ. ಇವತ್ತು ಸಂಜೆ ಏಳೂವರೆಗೆ ಅವರ ಕೊನೆಯ ನಾಟಕ. ಮೂವತ್ತೊಂದು ವರ್ಷವೂ ಸದ್ದು ಮಾಡಿದವರ ಹೆಸರನ್ನು ನಾಟಕದ ತುತ್ತತುದಿಗೆ ಓದುತ್ತಿದ್ದರು, ಅಷ್ಟರಲ್ಲಿ ಸಮಯ ಮುಗಿದು ವಾರ್ತೆ ಶುರುವಾಗಿರುತ್ತಿತ್ತು. ಹೆಸರಿನ ಮೊದಲಕ್ಷರಕ್ಕಿಂತ ಮುಂದೆ ಯಾರೂ ಕೇಳಿದ್ದಿಲ್ಲ. ಈ ಸಲ ರೇಡಿಯೋ ಸ್ಟೇಷನ್ನಿನವರು ದೊಡ್ಡ ಮನಸ್ಸು ಮಾಡಿ, ನಾಟಕದ ಶುರುವಿಗೇ ಮೊದಲ ಹೆಸರಾಗಿ ಓದುತ್ತೇವೆಂದು ಮಾತು ಕೊಟ್ಟಿದ್ದರು. ಷರತ್ತು ಒಂದೇ, ಪೂರ್ತಿಯಾದ ನಾಟಕ ಐದು ಗಂಟೆಯೊಳಗೆ ಅವರ ಕೈಸೇರಬೇಕು. ಸೇರದಿದ್ದರೆ ಯಾವುದೋ ಹಳೇ ನಾಟಕ ಹಾಕುತ್ತಾರೆ, ಹೆಸರೂ ಇಲ್ಲ ಏನೂ ಇಲ್ಲ. ಮನೆಯೊಳಗೆ ಎಷ್ಟೇ ಗುಡುಗಿದರೂ ಟೀಚರ್ ನಿನ್ನೆಯೇ ಬೀದಿಯ ಇಪ್ಪತ್ತೆರಡು ಮನೆಗೂ ಹೋಗಿ, ಏಳೂವರೆಗೆ ರೇಡಿಯೋ ಹಾಕಿ ಎಂದು ಹೇಳಿಬಂದಿದ್ದರು. ಇದನ್ನು ಗಂಡನಿಗೆ ಹೇಳಿರಲಿಲ್ಲ.

"ನಾಟಕ ಮುಗಿದಿಲ್ವಾ ಇನ್ನೂ?"

"ಒಂದೇ ಒಂದು ಮಾತು ಬಾಕಿ. ನಟಿ ಹೇಳಿದ್ದು ನಿರ್ದೇಶಕರಿಗೆ ಹಿಡಿಸಿಲ್ಲ, ಅವಳು ಬೇರೆ ಊರಿಗೆ ಹೋಗಿಬಿಟ್ಟಿದ್ದಾಳೆ. ಬೇರೆ ದನಿ ಹಾಕ್ಬೇಕು ಅಂದ್ರೆ ನಿರ್ದೇಶಕರ ಸಹಿ ಬೇಕಂತೆ. ನಾನು ಸ್ಟೇಷನ್ನಿಗೆ ಹೋಗಿ ಸಹಿ ಹಾಕಿಸ್ಕೊಂಡು ಬರ್ತೀನಿ. ಅಷ್ಟರಲ್ಲಿ ಜಾಗ ಆಗ್ಬೇಕು."

"ಆ ಮಾತು ಎಲ್ಲಿಂದ ತರ್ತೀರಿ?"

"ನನ್ನ ಹತ್ರಾನೇ ಇದೆ, ಅದರ ಚಿಂತೆ ಬಿಡು." ಸದ್ದಪ್ಪನವರು ಎರಡೂ ಕಾಲಿಗೆ ಒಂದೇ ಜೊತೆಯ ಚಪ್ಪಲಿ ಹುಡುಕುತ್ತ ಹೇಳಿದರು. "ಪುಟ್ಟಿಗೆ ಫೋನ್ ಮಾಡು. 'ಕೊನೆಯ ನಾಟಕ' ಅಂತ ಒಂದು ಫೋಲ್ಡರ್ ಇದೆ, ಅದನ್ನ ಮಾತ್ರ ಮುಟ್ಬೇಡಿ. ಮಿಕ್ಕಿದ್ರಲ್ಲಿ ಬೇಡದ್ದೆಲ್ಲ ಅಳಿಸಿಬಿಡಿ." ಇಷ್ಟು ಹೇಳಿ ಹೋದವರು ಅವರೇ. ಆಮೇಲೆ ಯಾರ ತಪ್ಪು ಎಂಬ ಪ್ರಶ್ನೆ ಎದ್ದಾಗ ಟೀಚರ್ ಈ ವಾಕ್ಯವನ್ನು ಅಕ್ಷರ ಬಿಡದೆ ಒಪ್ಪಿಸಿದರು.

ಪುಟ್ಟಿ ಟೀಚರ ತಂಗಿಯ ಮಗಳು. ಹೆಸರು ಕೇಳಿ ಚಿಕ್ಕವಳೆಂದುಕೊಳ್ಳಬೇಡಿ. ವಯಸ್ಸು ಮೂವತ್ತನಾಲ್ಕು, ಒಂದು ದೊಡ್ಡ ಆಸ್ಪತ್ರೆಯ ಕಂಪ್ಯೂಟರುಗಳೆಲ್ಲ ಅವಳ ಉಸ್ತುವಾರಿಯಲ್ಲಿವೆ. ಇವತ್ತು ಅವಳಿಗೆ ರಜೆ. ಫೋನಿಟ್ಟ ಹತ್ತು ನಿಮಿಷಕ್ಕೆ ಸ್ಕೂಟರಿನಲ್ಲಿ ಬಂದಿಳಿದು, ಹೆಲ್ಮೆಟ್ಟನ್ನು ಗೋಡೆಯಿಲ್ಲದ ಬಾಗಿಲಿನ ಚಿಲಕಕ್ಕೆ ನೇತುಹಾಕಿ, ಕುರ್ಚಿ ಎಳೆದುಕೊಂಡಳು.

"ಅಯ್ಯಯ್ಯೋ ದೊಡ್ಡಮ್ಮ, ಸೂಜಿಮೊನೆಯಷ್ಟೂ ಜಾಗ ಇಲ್ವಲ್ಲ. ನಿಮ್ಮ ಪ್ರಶ್ನೆಪತ್ರಿಕೆಗಳು ಎಷ್ಟಿವೆ ಗೊತ್ತಾ? ಹನ್ನೆರಡು ವರ್ಷದ್ದೆಲ್ಲ ಸೇರಿದ್ರೂ ದೊಡ್ಡಪ್ಪನ ಒಂದು ಕುದುರೆ ಕೆನೆದಷ್ಟಿಲ್ಲ."

"ನನ್ನ ಮನೇಲಿ ನನ್ನ ಪಾಲೂ ಅಷ್ಟೇ" ಎಂದು ಟೀಚರ್ ಪಕ್ಕದಲ್ಲಿ ಕೂತರು.

ಕೆಲಸ ಶುರುವಾಯಿತು. ಹೆಸರು ನೋಡಿಯೇ ಅಳಿಸಬಹುದೆಂದು ಟೀಚರ್ ಅಂದುಕೊಂಡಿದ್ದರು. ಹೆಸರುಗಳೋ, 'ಬಾಗಿಲು - ಕೋಪ', 'ಬಾಗಿಲು - ಕಳ್ಳ', 'ಬಾಗಿಲು - ಅತ್ತೆ', 'ಬಾಗಿಲು - ಕೋಪದ ಅತ್ತೆ'. 'ಕೆಮ್ಮು - ನಿಜ' ಬೇರೆ, 'ಕೆಮ್ಮು - ನಾನಿಲ್ಲಿದ್ದೀನಿ' ಬೇರೆ. ಕೇಳದೆ ಅಳಿಸಲು ಇಬ್ಬರಿಗೂ ಧೈರ್ಯ ಬರಲಿಲ್ಲ, ಕೇಳಿದರೆ ನಗು ತಡೆಯಲಾಗಲಿಲ್ಲ. ಪುಟ್ಟಿ ಕೋಪದ ಅತ್ತೆಯ ಬಾಗಿಲನ್ನು ಹಾಕಿದಾಗ ಕೋಣೆಯ ಕಿಟಕಿ ನಡುಗಿತು. ಬಾಗಿಲು ತಟ್ಟುವ ಸದ್ದನ್ನು ಹಾಕಿದಾಗ ಎದುರುಮನೆಯಾಕೆ ತನ್ನ ಬಾಗಿಲು ತೆರೆದು ಆ ಕಡೆ ಈ ಕಡೆ ನೋಡಿ ಒಳಹೋದರು. ಇನ್ನೊಂದು ತಟ್ಟಿಗೆ ಮತ್ತೆ ಬಂದರು. ಮೂರನೆಯ ಸಲ ಕೈಯಲ್ಲಿ ಪೊರಕೆ ಹಿಡಿದು ಬಂದದ್ದನ್ನು ನೋಡಿ ಟೀಚರ್ ಕಿಟಕಿಯ ಕೆಳಗೆ ಕುಕ್ಕರಿಸಿ ಬಾಯಿಗೆ ಸೆರಗು ತುರುಕಿಕೊಂಡರು. ಇಪ್ಪತ್ತೊಂಬತ್ತು ವರ್ಷ ತರಗತಿಯಲ್ಲಿ ನಗಬೇಡಿ ಎಂದು ಮಕ್ಕಳಿಗೆ ಗದರಿದ ಹೆಂಗಸು ಇವರೇ.

"ಹೀಗೇ ನಗ್ತಾ ಕೂತ್ರೆ ಐದು ಗಂಟೆಗೆ ನಾಟಕ ಹೋದ ಹಾಗೇ" ಎಂದು ಪುಟ್ಟಿ ಕಣ್ಣೊರೆಸಿಕೊಂಡಳು. ಗಡಿಯಾರ ಮೂರೂಕಾಲು ತೋರಿಸುತ್ತಿತ್ತು. "ಒಂದು ಕೆಲಸ ಮಾಡೋಣ. ಒಂದು ಹೊಸ ಫೋಲ್ಡರ್ ಮಾಡ್ತೀನಿ. ಅಳಿಸೋದನ್ನೆಲ್ಲ ಅದಕ್ಕೆ ಸುರಿಯೋಣ, ಕೊನೇಲಿ ಒಂದೇ ಏಟಿಗೆ ತೆಗೆದುಬಿಡೋಣ. ಏನು ಹೆಸರಿಡ್ಲಿ?"

"ಬೇಡ ಅಂತಿಡು."

ಪುಟ್ಟಿ ಬೇಡ ಎಂದು ಟೈಪು ಮಾಡಿದಳು. ಕಂಪ್ಯೂಟರು ಒಪ್ಪಲಿಲ್ಲ. ಈ ಹೆಸರಿನ ಫೋಲ್ಡರ್ ಈಗಾಗಲೇ ಇದೆ ಎಂದಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪುಟ್ಟಿ ಹುಡುಕಿದಳು. ಇತ್ತು. ದಿಟವಾಗಿಯೂ ಇತ್ತು. ಸದ್ದಪ್ಪನವರೇ ಮಾಡಿಟ್ಟ 'ಬೇಡ' ಎಂಬ ಫೋಲ್ಡರ್. ಒಳಗೆ ಬೇಡ-1, ಬೇಡ-2 ಎಂದು ಸಾಲಾಗಿ ಮುನ್ನೂರ ನಲವತ್ತು ಫೈಲು. ಇಡೀ ಡಿಸ್ಕಿನಲ್ಲಿ ಅದಕ್ಕಿಂತ ದಪ್ಪನೆಯ ಫೋಲ್ಡರ್ ಇನ್ನೊಂದಿರಲಿಲ್ಲ.

"ಕಸಕ್ಕೂ ಹಾಜರಿ ಹಾಕಿದ್ದಾರಲ್ಲ ದೊಡ್ಡಪ್ಪ."

ಮದುವೆಯಾದ ಮೇಲೆ ಮೊದಲ ಸಲ ಆ ಮನುಷ್ಯ ಬೇಡದ್ದನ್ನು ತಾನಾಗಿಯೇ ಬೇರೆ ಮಾಡಿಟ್ಟಿದ್ದ. ಅದೂ ನಂಬರು ಹಾಕಿ. ಹೇಳಿ ಹೇಳಿ ತನ್ನ ಬಾಯಿ ಒಣಗಿದ್ದು ದಂಡವಾಗಲಿಲ್ಲ ಎಂದು ಟೀಚರಿಗೆ ಹೆಮ್ಮೆಯೇ ಆಯಿತು. ಸಂಜೆ ಬಂದರೆ ಒಂದು ಒಳ್ಳೆಯ ಮಾತು ಆಡಬೇಕು ಎಂದುಕೊಂಡರು.

"ತೆಗೆದು ನೋಡ್ಲಾ ಏನಿದೆ ಅಂತ?"

"ಬೇಡ ಅಂತ ಅವರೇ ಬರೆದಿಟ್ಟ ಮೇಲೆ ನೋಡೋದೇನಿದೆ? ಅವರು ಮನಸ್ಸು ಬದಲಾಯಿಸೋಕೆ ಮುಂಚೆ ಒತ್ತು. ತಡಿ, ನಾನೇ ಒತ್ತುತೀನಿ."

ಕಂಪ್ಯೂಟರು ಪಾಪ ಒಂದು ಎಚ್ಚರಿಕೆ ಕೊಟ್ಟಿತು. ಇದು ಕಸದ ಬುಟ್ಟಿಗೆ ಹಿಡಿಸದಷ್ಟು ದೊಡ್ಡದು, ಶಾಶ್ವತವಾಗಿ ಅಳಿಸಬೇಕೇ ಎಂದು ಕೇಳಿತು. ಟೀಚರ್ ಹೌದು ಎಂಬಲ್ಲಿಗೆ ಬೆರಳಿಟ್ಟು, ತಪ್ಪು ಲೆಕ್ಕಕ್ಕೆ ಕೆಂಪು ಶಾಯಿಯಲ್ಲಿ ಗೀಟು ಎಳೆಯುವ ಖುಷಿಯಲ್ಲಿ ಒತ್ತಿದರು. ಒಂದು ಹಸಿರು ಪಟ್ಟಿ ಎಡದಿಂದ ಬಲಕ್ಕೆ ಸರಿದು ಹೋಯಿತು. ಜಾಗವೋ ಜಾಗ. ಇಬ್ಬರೂ ಕೈಗೆ ಕೈ ತಟ್ಟಿ, ಆ ಖುಷಿಗೆ ಚಹಾ ಮಾಡಿಕೊಂಡು ಕುಡಿದರು.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಸದ್ದಪ್ಪನವರು ಸಹಿ ಮಾಡಿದ ಫಾರಮ್ಮು ಹಿಡಿದು ಏದುಸಿರು ಬಿಡುತ್ತ ಬಂದರು.

"ಜಾಗ ಆಯ್ತಾ?"

"ಒಳಗೆ ಫುಟ್‌ಬಾಲ್ ಆಡಬಹುದು" ಎಂದರು ಟೀಚರ್. "ನಿಮ್ಮ ಬಗ್ಗೆ ನಾನು ಏನೇನೋ ಅಂದ್ಕೊಂಡಿದ್ದೆ. ನೀವೂ ಸುಧಾರಿಸಿದ್ದೀರಿ, ಒಪ್ಪಿದೆ."

ಯಾವ ಸುಧಾರಣೆ ಎಂದು ಕೇಳಲು ಸದ್ದಪ್ಪನವರಿಗೆ ಪುರಸೊತ್ತಿರಲಿಲ್ಲ. ಕೂತರು, ನಾಟಕ ತೆರೆದರು, ಕೊನೆಯ ದೃಶ್ಯಕ್ಕೆ ಬಂದರು. ಆಮೇಲೆ ಏನನ್ನೋ ಹುಡುಕುತ್ತ ಪಟ್ಟಿಯನ್ನು ಕೆಳಗಿಳಿಸಿದರು, ಮೇಲೇರಿಸಿದರು, ಕನ್ನಡಕ ಒರೆಸಿ ಮತ್ತೆ ಕೆಳಗಿಳಿಸಿದರು.

"ಬೇಡ ಎಲ್ಲಿ?"

"ಏನು ಬೇಡ?"

"ಏನು ಬೇಡ ಅಲ್ಲ. ಬೇಡ. ನನಗೆ ಬೇಡ ಬೇಕು."

"ಬೇಕೋ ಬೇಡ್ವೋ, ಯಾವುದಾದ್ರೂ ಒಂದು ಹೇಳಿ."

"ಬೇಡ."

"ಬೇಡ ಅಂದ್ರೆ ಸುಮ್ನೆ ನಿಮ್ಮ ಕೆಲಸ ನೋಡಿ ಮತ್ತೆ."

"ಅಯ್ಯೋ, ಬೇಡಾನೇ ಕಣೇ ನನ್ನ ಕೆಲಸ. ಬೇಡ ಇಲ್ದೆ ನಾಟಕ ಮುಗಿಯಲ್ಲ."

"ಪುಟ್ಟಿ, ಬಿಸಿಲಲ್ಲಿ ಹೋಗಿಬಂದು ಇವರಿಗೆ ಏನೋ ಆಗಿದೆ, ನೀರು ತಗೊಂಡು ಬಾ."

ಪುಟ್ಟಿ ಏಳಲಿಲ್ಲ. "ದೊಡ್ಡಪ್ಪ, ನಿಮ್ಮ ಬಾಗಿಲು ಅನ್ನೋ ಫೋಲ್ಡರ್ ಒಳಗೆ ಏನಿರುತ್ತೆ?"

"ಬಾಗಿಲು."

"ಕೆಮ್ಮು ಅನ್ನೋದ್ರೊಳಗೆ?"

"ಕೆಮ್ಮು. ಮತ್ತೇನು ಸೀನು ಇಡ್ತೀನಾ?"

"ಬೇಡ ಅನ್ನೋದ್ರೊಳಗೆ?"

"ಬೇಡ" ಎಂದರು ಸದ್ದಪ್ಪನವರು.

ಹಸಿರು ಪಟ್ಟಿ ಎಡದಿಂದ ಬಲಕ್ಕೆ ಸರಿದದ್ದು ಟೀಚರ ಕಣ್ಣ ಮುಂದೆ ಇನ್ನೊಮ್ಮೆ ಸರಿಯಿತು.

"ಯಾರ ಬೇಡ?" ಎಂದು ಅವರು ಸಣ್ಣ ದನಿಯಲ್ಲಿ ಕೇಳಿದರು.

"ಇನ್ಯಾರದು, ನಿನ್ನದು."

ಸದ್ದಪ್ಪನವರು ಹೇಳಿದ್ದು ಇಷ್ಟು. ಅಡುಗೆಮನೆಯಲ್ಲಿ ಚಮಚದ ಸದ್ದು ಹಿಡಿಯಲು ಹೋದಾಗ, ನಲ್ಲಿಯ ಸದ್ದು ಹಿಡಿಯಲು ಹೋದಾಗ, ಬಾಣಲೆಯಲ್ಲಿ ಮಳೆ ಬರಿಸುವಾಗ, ನಡುವೆ ಟೀಚರ ದನಿ ಬಂದು ಬೀಳುತ್ತಿತ್ತು. ರೀ ಆ ಲೋಟ ಬೇಡ, ಒಡೆಯುತ್ತೆ. ಇನ್ನು ಈರುಳ್ಳಿ ಬೇಡ. ಅಷ್ಟು ಜೋರು ಬೇಡ. ಹಾಗೆ ಕೆಟ್ಟುಹೋದ ರೆಕಾರ್ಡಿಂಗುಗಳನ್ನು ಎಸೆಯಬೇಕಿತ್ತು. ಎಸೆಯಲು ಅವರಿಗೆ ಮನಸ್ಸು ಬರಲಿಲ್ಲ. ಕತ್ತರಿಸಲೂ ಬರಲಿಲ್ಲ. ಅರ್ಧರ್ಧ ಗಂಟೆಯ ರೆಕಾರ್ಡಿಂಗನ್ನು ಹಾಗೆಹಾಗೆಯೇ ಒಂದು ಕಡೆ ಇಟ್ಟು, ಒಳಗಿನ ಸದ್ದಿನ ಹೆಸರು ಬರೆದರು. ಅದಕ್ಕೇ ಆ ಫೋಲ್ಡರ್ ಅಷ್ಟು ದಪ್ಪ.

"ನಾಟಕದ ಕೊನೇಲಿ ಜಗಳ ಆಗಿ ಮುದುಕ ಬ್ಯಾಗ್ ಹಿಡಿದು ಬಾಗಿಲಲ್ಲಿ ನಿಂತಿರ್ತಾನೆ. ಹಾಗಾದ್ರೆ ನಾನು ಹೋಗ್ಲಾ ಅಂತಾನೆ. ಮುದುಕಿ ಬೇಡ ಅಂತಾಳೆ. ಅಷ್ಟೇ, ನಾಟಕ ಮುಗೀತು. ಆ ನಟಿ ಹೇಳಿದ ಬೇಡ ತರಕಾರಿಯವನಿಗೆ ಹೇಳಿದ ಹಾಗಿದೆ ಅಂತ ನಿರ್ದೇಶಕರು ವಾಪಸ್ ಕಳಿಸಿದ್ರು. ನನ್ನ ಹತ್ರ ಬೇಡ ನಂಬರು ಇನ್ನೂರ ಹದಿನಾಲ್ಕು ಇತ್ತು. ಅವತ್ತು ನಾನು ಜ್ವರದಲ್ಲೇ ಹೊರಟಿದ್ದೆ, ಛತ್ರಿ ಬಿಡಿಸೋ ಸದ್ದು ಹಿಡೀತಾ ಇದ್ದೆ. ಹೋಗ್ಲಾ ಅಂದೆ. ನೀನು ಒಳಗಿಂದ ಬೇಡ ಅಂದೆ." ಸದ್ದಪ್ಪನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದು ಎಲ್ಲಿದೆ?"

ಅಳಿಸಿದ್ದೇವೆಂದು ಪುಟ್ಟಿಯೇ ಹೇಳಿದಳು. ನಾಳೆ ಆಫೀಸಿನಿಂದ ಏನಾದರೂ ತಂದು ಹುಡುಕುತ್ತೇನೆ, ಎಷ್ಟು ಸಿಗುತ್ತದೋ ಗೊತ್ತಿಲ್ಲ, ಐದು ಗಂಟೆಗಂತೂ ತಿಪ್ಪರಲಾಗ ಹಾಕಿದರೂ ಆಗುವುದಿಲ್ಲ ಎಂದಳು. ಟೀಚರಿಗೆ ಅಳು ಬಂತು, ಸಿಟ್ಟೂ ಬಂತು, ಎರಡರ ನಡುವೆ ತನ್ನ ಬೈಗುಳಕ್ಕೆ ನಂಬರು ಹಾಕಿ ಜೋಪಾನ ಮಾಡಿದ ಗಂಡಸನ್ನು ನೋಡಿ ಒಂದು ಥರದ ನಾಚಿಕೆಯೂ ಬಂತು. ಯಾವುದನ್ನು ಮೊದಲು ಹೊರಗೆ ಬಿಡುವುದೆಂದು ತಿಳಿಯದೆ ಬೈದೇಬಿಟ್ಟರು.

"ಬೇಡದ್ದೆಲ್ಲ ಅಳಿಸಿಬಿಡಿ ಅಂದೋರು ಯಾರು? ನೀವು. ಬೇಡ ಅಂತ ಹೆಸರಿಟ್ಟೋರು ಯಾರು? ನೀವು. ಟೀಚರ್ ಅಂತ ಇಡೋಕೆ ಏನಾಗಿತ್ತು?"

"ಟೀಚರ್ ಅಂತ ಬೇರೆ ಇದೆ. ಅದು ನಿನ್ನ ಗೊರಕೆ."

ಪುಟ್ಟಿಯ ಮೂಗಿನಿಂದ ಒಂದು ವಿಚಿತ್ರ ಸದ್ದು ಹೊರಟಿತು. ಅವಳು ಕೆಮ್ಮಿ ಅದನ್ನು ಮುಚ್ಚಿಟ್ಟು, "ಅಲ್ಲ ದೊಡ್ಡಪ್ಪ, ಫೈಲ್ ಹೋದ್ರೇನು, ಬೇಡದ ಯಜಮಾನಿ ಇಲ್ಲೇ ಕೂತಿದ್ದಾರಲ್ಲ. ಇನ್ನೂ ನಲವತ್ತು ನಿಮಿಷ ಇದೆ" ಎಂದಳು.

ಸರಿ, ಮೈಕನ್ನು ಟೀಚರ ಮುಂದೆ ನಿಲ್ಲಿಸಿದರು. ಕೆಂಪು ದೀಪ ಹತ್ತಿತು. ಟೀಚರ್ ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಮಾಡಿಕೊಂಡು, "ಬೇಡ" ಎಂದರು. ಕೊನೆಯ ಬೆಂಚಿನವನು ಕೂಡ ನೋಟುಬುಕ್ಕು ಒಳಗಿಡುವಂಥ ಬೇಡ ಅದು.

"ಇಷ್ಟು ಖಂಡಿತ ಅಲ್ಲ" ಎಂದರು ಸದ್ದಪ್ಪನವರು. "ಸ್ವಲ್ಪ ಮೆತ್ತಗೆ."

ಟೀಚರ್ ಮೆತ್ತಗೆ ಹೇಳಿದರು. ಅದು ತೀರಾ ಮೆತ್ತಗಾಗಿ, ಮುದುಕಿ ಮೂರ್ಛೆ ಹೋದ ಹಾಗೆ ಕೇಳಿಸಿತು. ಸಿಟ್ಟಿನಲ್ಲಿ ಹೇಳಿ ಎಂದರೆ ಎದುರುಮನೆಯಾಕೆ ಮತ್ತೆ ಪೊರಕೆ ಹಿಡಿದು ಬಂದರು. ಪ್ರೀತಿಯಲ್ಲಿ ಹೇಳಿ ಎಂದರೆ ಟೀಚರ್ ಕಿವಿಯವರೆಗೂ ಕೆಂಪಾಗಿ, "ಎಲ್ಲರ ಮುಂದೆ ಅದೆಲ್ಲ ಆಗಲ್ಲಪ್ಪ" ಎಂದರು. ಹನ್ನೆರಡನೆಯ ಬೇಡದ ಹೊತ್ತಿಗೆ ಆ ಮಾತಿನ ಅರ್ಥವೇ ಕಳಚಿಬಿತ್ತು. ಬೇಡ, ಬೇಡ, ಬೇಡ ಎಂದು ಹೇಳಿಕೊಳ್ಳುತ್ತ ಟೀಚರ್ ಬಾಯಿ ತಪ್ಪಿ "ಬಡೆ" ಎಂದರು. "ಬಡೆಯೋಕೆ ಹೇಳ್ತಿದ್ದಾರಾ ಮುದುಕಿ?" ಎಂದು ಪುಟ್ಟಿ ಕೇಳಿದ್ದೇ ಕೇಳಿದ್ದು, ಮೂವರಿಗೂ ನಗು ಒತ್ತರಿಸಿಕೊಂಡು ಬಂತು. ಸದ್ದಪ್ಪನವರು ಹಾಸಿಗೆಗೆ ಒರಗಿ ಹೊಟ್ಟೆ ಹಿಡಿದುಕೊಂಡರು. ಪುಟ್ಟಿ ಕುರ್ಚಿಯಿಂದ ಜಾರಿ ಚಪ್ಪಲಿಗಳ ನಡುವೆ ಕೂತಳು. ಟೀಚರ್ ನಿಲ್ಲಿಸಿ ನಿಲ್ಲಿಸಿ ಎನ್ನುತ್ತ ತಾವೇ ನಿಲ್ಲಿಸಲಾಗದೆ ತೂತು ಬಕೆಟ್ಟನ್ನು ತಬ್ಬಿಕೊಂಡರು. ಕೈಯಲ್ಲಿ ಸಮಯವಿಲ್ಲದಾಗ ಬರುವ ನಗುವಿದೆಯಲ್ಲ, ಅದಕ್ಕೆ ಮದ್ದಿಲ್ಲ.

ನಗು ನಿಲ್ಲಿಸಿದ್ದು ಫೋನು. ನಿರ್ದೇಶಕರದು. ನಾಲ್ಕೂ ಮುಕ್ಕಾಲಾಯಿತು, ಹಳೇ ನಾಟಕ ತೆಗೆದಿಟ್ಟಿದ್ದೇವೆ, ಐದಕ್ಕೆ ಬರಲಿಲ್ಲವೆಂದರೆ ಅದೇ ಎಂದರು. ಸದ್ದಪ್ಪನವರು ಹೂಂ ಎಂದು ಫೋನಿಟ್ಟು ನೆಲದ ಮೇಲೆ ಹಾಗೇ ಕೂತರು.

"ಹೋಗ್ಲಿ ಬಿಡು" ಎಂದರು. "ಮೊದಲಕ್ಷರದವರೆಗೆ ಮೂವತ್ತೊಂದು ವರ್ಷ ಓದಿದ್ದಾರೆ, ಅದೇ ಸಾಕು."

ಟೀಚರಿಗೆ ಅದು ಸಾಕಾಗಲಿಲ್ಲ. ಇಪ್ಪತ್ತೆರಡು ಮನೆಯಲ್ಲಿ ಏಳೂವರೆಗೆ ಬೇರೆ ಯಾವುದೋ ನಾಟಕ ಶುರುವಾಗುತ್ತದಲ್ಲ. ತನ್ನ ಒಂದು ಬೆರಳು ಮಾಡಿದ ಕೆಲಸ ಇದು.

"ಒಂದು ಮಾತು ಹೇಳ್ಬೇಕಿತ್ತು" ಎಂದು ಸದ್ದಪ್ಪನವರು ತಲೆಯೆತ್ತದೆ ಮುಂದುವರಿಸಿದರು. ಕೈಯಲ್ಲಿ ಒಂದು ಒಂಟಿ ಚಪ್ಪಲಿ ತಿರುಗುತ್ತಿತ್ತು. "ನಾಟಕ ಮುಗಿದ ಮೇಲೆ ಹೇಳೋಣ ಅಂತಿದ್ದೆ. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ನೋಡಿದ್ದೀನಿ. ಈ ಬಾಗಿಲು, ಬಕೆಟ್ಟು, ಚಪ್ಪಲಿ ಎಲ್ಲ ಅಲ್ಲಿಗೆ ಸಾಗಿಸ್ತೀನಿ. ನಾನೂ ಬೆಳಿಗ್ಗೆ ಅಲ್ಲಿಗೆ ಹೋದ್ರೆ ರಾತ್ರಿ ಊಟಕ್ಕೆ ಬರ್ತೀನಿ. ನಿನ್ನ ಕೋಣೆ ನಿನಗೆ, ಮನೇಲೂ ನಿಶ್ಶಬ್ದ. ಎಷ್ಟು ವರ್ಷದಿಂದ ಕೇಳ್ತಾ ಇದ್ದೀಯ. ಹೋಗ್ಲಾ?"

ಟೀಚರ್ ಆ ಕೋಣೆಯನ್ನು ನೋಡಿದರು. ಬಾಗಿಲುಗಳಿಲ್ಲದೆ ನೋಡಿದರು, ಬಕೆಟ್ಟಿಲ್ಲದೆ ನೋಡಿದರು. ಬೆಳಿಗ್ಗೆ ಹತ್ತಕ್ಕೆ ಈರುಳ್ಳಿ ಕದಿಯಲು ಯಾರೂ ಬಾರದ ಅಡುಗೆಮನೆಯನ್ನೂ ನೋಡಿದರು.

"ಬೇಡ" ಎಂದರು.

ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಗೆ ಬಂದದ್ದು. 'ಬೇ' ಎನ್ನುವಾಗ ಮೂವತ್ತೊಂದು ವರ್ಷದ ಸಿಟ್ಟು ಪೂರ್ತಿ ಅದರಲ್ಲಿತ್ತು. 'ಡ' ಎನ್ನುವ ಹೊತ್ತಿಗೆ ಸಿಟ್ಟು ಕೈಬಿಟ್ಟುಹೋಗಿ ದನಿ ಒಂಚೂರು ಒಡೆಯಿತು.

ಪುಟ್ಟಿ ಚಪ್ಪಲಿಗಳ ನಡುವಿನಿಂದ ಮೆಲ್ಲಗೆ ಕೈ ಎತ್ತಿ ಮೈಕಿನ ಕಡೆಗೆ ತೋರಿಸಿದಳು. ಕೆಂಪು ದೀಪ ಹತ್ತಿಯೇ ಇತ್ತು. ನಗುವಿನ ಗಲಾಟೆಯಲ್ಲಿ ಆರಿಸಲು ಮರೆತಿದ್ದಳು. ಅಷ್ಟೂ ಹೊತ್ತು ಕಂಪ್ಯೂಟರು ಒಂದೇ ಸಮನೆ ರೆಕಾರ್ಡು ಮಾಡುತ್ತಲೇ ಇತ್ತು, ಈಗ ಅದರೊಳಗೆ ಬೇಕಾದಷ್ಟು ಜಾಗವಿತ್ತಲ್ಲ. ಹಳೇ ಬೇಡಗಳು ಎದ್ದುಹೋದ ಜಾಗದಲ್ಲೇ ಹೊಸದು ಬಂದು ಕೂತಿತ್ತು.

ಟೀಚರ ಹುಬ್ಬು ಗಂಟಿಕ್ಕಿತು. "ನೀವು ಬೇಕಂತಲೇ ಕೇಳಿದ್ರಾ?"

ಸದ್ದಪ್ಪನವರು ಜೇಬಿಗೆ ಕೈಹಾಕಿ ಒಂದು ಬೀಗದ ಕೈ ತೆಗೆದು ತೋರಿಸಿದರು. ಅದರ ತುದಿಗೆ ಬಸ್‌ಸ್ಟ್ಯಾಂಡ್ ಹಿಂದೆ, ಮೊದಲ ಮಹಡಿ ಎಂದು ಬರೆದ ರಟ್ಟಿನ ಚೂರು ತೂಗುತ್ತಿತ್ತು.

"ನಾಳೆ ಬೆಳಿಗ್ಗೆ ಎದ್ದ ಕೂಡಲೇ ಅದನ್ನ ವಾಪಸ್ ಕೊಟ್ಟು ಬನ್ನಿ" ಎಂದರು ಟೀಚರ್. "ಈಗ ಮೊದಲು ಕೂತು ಕೆಲಸ ಮುಗಿಸಿ. ಗಡಿಯಾರ ನೋಡಿ."

ನಾಲ್ಕು ಐವತ್ತಾಗಿತ್ತು. ಪುಟ್ಟಿ ಕತ್ತರಿಸಿದಳು, ಸದ್ದಪ್ಪನವರು ಜಾಗ ತೋರಿಸಿದರು. ಮುದುಕ ಹೋಗ್ಲಾ ಎಂದ ಮೇಲೆ ಎಷ್ಟು ಮೌನ ಬಿಡಬೇಕೆಂದು ವಾದವಾಗಿ, ಟೀಚರ್ ಬೆರಳು ಮಡಿಸಿ ಮೂರು ಎಣಿಸಿದರು. ನಾಲ್ಕು ಐವತ್ತೇಳಕ್ಕೆ ನಾಟಕ ಹೊರಟಿತು. ನಾಲ್ಕು ಐವತ್ತೊಂಬತ್ತಕ್ಕೆ ನಿರ್ದೇಶಕರಿಂದ 'ಬಂತು' ಎಂಬ ಉತ್ತರ ಬಂತು. ಐದು ಗಂಟೆ ಎರಡು ನಿಮಿಷಕ್ಕೆ ಇನ್ನೊಂದು ಸಂದೇಶ, ಈ ನಟಿ ಯಾರು, ಮುಂದಿನ ನಾಟಕಕ್ಕೆ ಸಿಗುತ್ತಾರಾ ಎಂದು.

ಏಳೂವರೆಗೆ ಬೀದಿಯ ಎಲ್ಲ ಕಿಟಕಿಯಿಂದಲೂ ಒಂದೇ ರೇಡಿಯೋ ಕೇಳಿಸಿತು. ಮೊದಲ ಹೆಸರೇ ಅವರದು. ಮೊದಲಕ್ಷರದಿಂದ ಕೊನೆಯಕ್ಷರದವರೆಗೆ, ನಡುವೆ ವಾರ್ತೆ ಗೀರ್ತೆ ಯಾವುದೂ ಅಡ್ಡ ಬರಲಿಲ್ಲ. ಸದ್ದಪ್ಪನವರು ಅದು ಬೇರೆ ಯಾರದೋ ಹೆಸರೆಂಬಂತೆ ತಲೆಯಾಡಿಸಿ ಕೇಳಿದರು. ಇಪ್ಪತ್ತೆರಡು ಮನೆಗೂ ಯಾರು ಹೇಳಿದ್ದು ಎಂದು ಅವರು ಕೇಳಿದಾಗ ಟೀಚರ್ ಸೀರೆಯ ನೆರಿಗೆ ಸರಿಮಾಡಿಕೊಂಡರು. ಮುದುಕಿ ಬೇಡ ಎಂದು, ನಾಟಕ ಮುಗಿದ ಮೇಲೆ, ಎದುರುಮನೆಯಾಕೆ ಸೆರಗಿನಿಂದ ಮೂಗೊರೆಸಿಕೊಳ್ಳುತ್ತ ಕಿಟಕಿಗೆ ಬಂದರು. "ಆ ಮುದುಕಿ ಯಾರ್ರೀ ಟೀಚರ್, ಕರುಳು ಹಿಂಡಿಬಿಟ್ಟಳು" ಎಂದರು.

"ಯಾರೋ ಹೊಸಬರಂತೆ" ಎಂದರು ಟೀಚರ್.

ಒಳಗೆ ಪುಟ್ಟಿ ಕಂಪ್ಯೂಟರಿನ ಮುಂದೆ ಕೂತಿದ್ದಳು. ಇಡೀ ರೆಕಾರ್ಡಿಂಗು, ಹನ್ನೆರಡು ಕೆಟ್ಟ ಬೇಡ, ಒಂದು ಬಡೆ, ಆ ನಗು, ಆ ಒಂದು ಬೇಡ, ಎಲ್ಲವನ್ನೂ ಕತ್ತರಿಸದೆ ಇಡಬೇಕೆಂದು ದೊಡ್ಡಪ್ಪನ ಅಪ್ಪಣೆಯಾಗಿತ್ತು. "ಹೊಸ ಫೋಲ್ಡರ್ ಮಾಡಿದ್ದೀನಿ ದೊಡ್ಡಮ್ಮ. ಏನು ಹೆಸರಿಡ್ಲಿ?"

"ಬೇಡ" ಎಂದರು ಟೀಚರ್.

"ಹೆಸರು ಬೇಡ್ವಾ, ಬೇಡ ಅನ್ನೋ ಹೆಸರಾ?"

"ಏಳು, ನಾನೇ ಬರೀತೀನಿ" ಎಂದು ಟೀಚರ್ ಅವಳನ್ನು ಎಬ್ಬಿಸಿ ಕೂತರು. ಹಿಂದಿನಿಂದ ಸದ್ದಪ್ಪನವರು ಬಗ್ಗಿ ನೋಡುತ್ತಿದ್ದರು. ಟೀಚರ್ ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಪ್ರಶ್ನೆಪತ್ರಿಕೆಯಂತೆ ಎರಡು ಸಲ ಪರೀಕ್ಷಿಸಿದರು.

'ಬೇಡ - ಅಳಿಸಬೇಡ' ಎಂದು ಬರೆದಿದ್ದರು.